ಸತ್ತ ಮೇಲೆ ಸೂಗಮ್ಮ ತಿರುಗಿದ ಊರುಗಳು

ಸೂಗಮ್ಮ ಸತ್ತ ಸುದ್ದಿ ಗಬ್ಬೂರಿನ ನಾಯಿಗಳಿಗೂ ಗೊತ್ತಿತ್ತು. ದೇವದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಚಹಾ ಸೋಸುವವನು ಸೋಸುವುದನ್ನು ನಿಲ್ಲಿಸಿ ಲೊಚಗುಟ್ಟಿದ್ದ. ರಾಯಚೂರಿನ ಹತ್ತಿ ಗಿರಣಿಯಲ್ಲಿ ಆಕೆಯ ಜೊತೆ ಮೂವತ್ತು ವರ್ಷ ಅರಳೆಯಲ್ಲಿ ಕಸ ಆರಿಸಿದ ಹೆಂಗಸರು ಎಷ್ಟು ಅತ್ತರೆಂದರೆ, ಅವತ್ತಿನ ಅರಳೆಯೆಲ್ಲ ಒದ್ದೆಯಾಗಿ ಮರುದಿನ ಬಿಸಿಲಿಗೆ ಹರವಬೇಕಾಯಿತು. ಕೃಷ್ಣಾ ನದಿಯ ಮೊಸಳೆಗಳು ಎರಡು ದಿನ ದಡಕ್ಕೆ ಬರಲಿಲ್ಲ ಎನ್ನುವವರೂ ಇದ್ದಾರೆ. ಸುದ್ದಿ ಮುಟ್ಟದೆ ಉಳಿದದ್ದು ಒಬ್ಬಳಿಗೆ. ಆಕೆ ಸೂಗಮ್ಮನ ಸ್ವಂತ ಮಗಳು ಸುಜಾತಾ.

ಮರೆತು ಬಿಟ್ಟದ್ದಲ್ಲ. ಕೂತು, ಮಾತಾಡಿ, ಬೇಕೆಂದೇ ಬಿಟ್ಟರು.

"ಆಕಿಗೆ ಹೇಳಬ್ಯಾಡ್ರಿ, ತಿಳಿಯಂಗಿಲ್ಲ," ಎಂದರು ಓಣಿಯ ಅರ್ಧ ಮಂದಿ.

"ಆಕಿಗೆ ಹೇಳಬ್ಯಾಡ್ರಿ, ತಡಕೊಳ್ಳಂಗಿಲ್ಲ," ಎಂದರು ಇನ್ನರ್ಧ ಮಂದಿ.

ತಿಳಿಯದೇ ಹೋದದ್ದನ್ನು ತಡಕೊಳ್ಳುವ ಪ್ರಶ್ನೆ ಎಲ್ಲಿಂದ ಬಂತು ಎಂದು ಕೇಳುವವರು ಆ ಓಣಿಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಸೂಗಮ್ಮ ಗಬ್ಬೂರಿನ ತಂಗಿಯ ಮನೆಗೆ ತೊಟ್ಟಿಲ ಕಾರ್ಯಕ್ಕೆ ಹೋದವಳು. ಮರುದಿನ ನಸುಕಿನಲ್ಲಿ ಎದೆ ಹಿಡಿದುಕೊಂಡು ಕೂತಳು, ಏಳಲಿಲ್ಲ. ಮಗ ಅಮರೇಶ ಹೆಂಡತಿಯನ್ನು ಕರೆದುಕೊಂಡು ಹೋಗಿ ಅಲ್ಲೇ ಮಣ್ಣು ಮಾಡಿ ಬಂದ. ಬಂದವನು ಸುಜಾತಾಳ ಮುಖ ನೋಡದೆ, ತನ್ನ ಆಟೋದ ಗಾಜು ಒರೆಸುತ್ತ ಹೇಳಿದ: "ಅವ್ವ ಗಬ್ಬೂರಿಂದ ಹಂಗ ಚೀಕಲಪರ್ವಿಗೆ ಹೋದ್ಲು ಸುಜಿ. ದೊಡ್ಡವ್ವನ ಮನಿಗೆ. ಹತ್ತು ದಿನ ಬಿಟ್ಟು ಬರ್ತಾಳ."

ಸುಜಿ! ಅವನು ಇಪ್ಪತ್ತೊಂಬತ್ತರವನು, ಆಕೆ ಮೂವತ್ಮೂರರವಳು. ಅವನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಆಕೆ. ಆದರೆ ಅವನಿಗೆ ಮೀಸೆ ಬಂದ ದಿನದಿಂದ ಅಕ್ಕ ಚಿಕ್ಕವಳಾಗಿಬಿಟ್ಟಿದ್ದಳು. ಮೀಸೆಯ ಶಕ್ತಿಯೇ ಅಂಥದ್ದು.

ಸುಜಾತಾಗೆ ಇರುವುದು ಡೌನ್ ಸಿಂಡ್ರೋಮ್. ಆಕೆಗೆ ಐದು ವರ್ಷವಿದ್ದಾಗ ಒಬ್ಬ ಡಾಕ್ಟರು ಸೂಗಮ್ಮನನ್ನು ಕೂರಿಸಿಕೊಂಡು, ಎಲ್ಲರ ಮೈಯೊಳಗೆ ನಲವತ್ತಾರು ವರ್ಣತಂತು ಇರುತ್ತವೆ, ನಿನ್ನ ಮಗಳಿಗೆ ನಲವತ್ತೇಳು, ಒಂದು ಹೆಚ್ಚು ಎಂದು ತಿಳಿಸಿ ಹೇಳಿದ್ದರು. ಸೂಗಮ್ಮ ಒಂದು ಗಳಿಗೆ ಯೋಚಿಸಿ, "ಹೆಚ್ಚದ ಅಂದ್ರ ಒಳ್ಳೇದಾತಲ್ರೀ. ನಮ್ಮ ಮನ್ಯಾಗ ಉಳಿದದ್ದೆಲ್ಲಾ ಕಮ್ಮಿನ ಅದ," ಎಂದಿದ್ದಳು. ಅವತ್ತಿನಿಂದ ಗಿರಣಿಯಲ್ಲಿ, ನಳದ ಸಾಲಿನಲ್ಲಿ, ಸಂತೆಯಲ್ಲಿ ಅದೇ ಜಂಬ: "ನಿಮ್ಮ ಮಕ್ಕಳಿಗೆ ನಲವತ್ತಾರು. ನನ್ನ ಮಗಳಿಗೆ ನಲವತ್ತೇಳು."

ಆ ಹೆಚ್ಚಿನ ಒಂದು ಎಲ್ಲಿ ಹೋಗಿ ಕೂತಿತ್ತೋ, ಕೈಯಲ್ಲೇ ಕೂತಿರಬೇಕು. ಸ್ಟೇಷನ್ ಹಿಂದಿನ ಗಲ್ಲಿಯಲ್ಲಿ ವಾಹಿದಾ ಆಪಾಳ ರೊಟ್ಟಿ ಕೇಂದ್ರ. ಅಲ್ಲಿ ಸುಜಾತಾ ಹನ್ನೊಂದು ವರ್ಷದಿಂದ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಕಟ್ಟೆ ಎತ್ತರ, ಆಕೆ ಗಿಡ್ಡ. ಆದ್ದರಿಂದ ಕಾಲ ಕೆಳಗೆ ಒಂದು ಹಲಗೆ. ಆ ಹಲಗೆಯ ಮೇಲೆ ನಿಂತು ಆಕೆ ಬಡಿಯಲು ಶುರು ಮಾಡಿದರೆ ಗುಂತಕಲ್ ಗಾಡಿಯ ಡ್ರೈವರ್ ಹಸಿರು ದೀಪ ಬಿದ್ದರೂ ಕಿವಿಗೊಟ್ಟು ನಿಲ್ಲುತ್ತಿದ್ದ. ರೊಟ್ಟಿ ಎಷ್ಟು ತೆಳ್ಳಗೆಂದರೆ ಅದರೊಳಗಿಂದ ಪೇಪರ್ ಓದಬಹುದಿತ್ತು. ಇಪ್ಪತ್ತರ ಮುಂದೆ ಎಣಿಸಲು ಬರುವುದಿಲ್ಲ, ಬೇಕಾಗಿಯೂ ಇರಲಿಲ್ಲ. ಒಂದು ರೊಟ್ಟಿಗೆ ಒಂದು ಬೆರಳು ಮಡಚುವುದು. ಎರಡೂ ಕೈ ಮುಷ್ಟಿಯಾದರೆ ಒಂದು ಕಟ್ಟು. ಹನ್ನೊಂದು ವರ್ಷದಲ್ಲಿ ಒಂದು ಕಟ್ಟಿನಲ್ಲೂ ಒಂಬತ್ತು ರೊಟ್ಟಿ ಹೋಗಿಲ್ಲ. ನಲವತ್ತಾರು ಇದ್ದವರು ಕಟ್ಟಿದ ಕಟ್ಟುಗಳ ವಿಷಯ ಇಲ್ಲಿ ಬೇಡ.

ಬೆಳಿಗ್ಗೆ ತಾನೇ ಎದ್ದು ಥೈರಾಯ್ಡ್ ಗುಳಿಗೆ ನುಂಗುತ್ತಿದ್ದಳು. ತಾನೇ ಸ್ನಾನ, ತಾನೇ ಜಡೆ, ತಾನೇ ನಡೆದು ಕೇಂದ್ರಕ್ಕೆ. ಅಂಗೈಯಲ್ಲಿ ಹೆಂಚು ಸುಟ್ಟ ಕಲೆಗಳು. ದಿನದ ಕೊನೆಯ ರೊಟ್ಟಿ, ಎಲ್ಲಕ್ಕಿಂತ ತೆಳ್ಳಗಿನದು, ಅವ್ವನದು. ಸಂಜೆ ಸೂಗಮ್ಮ ಅದನ್ನು ಮುರಿದು ಅರ್ಧ ಮಗಳಿಗೆ ಕೊಟ್ಟು ಅರ್ಧ ತಾನು ತಿನ್ನುತ್ತಿದ್ದಳು. ಆಮೇಲೆ ಸಂಚಿ ಬಿಚ್ಚಿ ಎಲೆ ಅಡಿಕೆ ಹಾಕಿಕೊಂಡು ಪಕ್ಕದ ಗೋಡೆಗೆ ಉಗುಳುತ್ತಿದ್ದಳು. ಸೂಗಮ್ಮ ಎಲ್ಲಿ ಎರಡು ತಾಸು ಕೂತರೂ ಅಲ್ಲಿನ ಗೋಡೆ ಕೆಂಪಾಗುತ್ತಿತ್ತು.

ಸುಜಾತಾ ಹತ್ತು ದಿನ ಹತ್ತು ಬೆರಳು ಮಡಚಿದಳು. ಎರಡೂ ಕೈ ಮುಷ್ಟಿಯಾದವು. ಅವ್ವ ಬರಲಿಲ್ಲ.

ಕೇಳಿದಳು. ಅಲ್ಲಿಂದ ಶುರುವಾಯಿತು ಸೂಗಮ್ಮನ ದೇಶಸಂಚಾರ. ಅಮರೇಶ, "ಇನ್ನೂ ಚೀಕಲಪರ್ವಿಯಾಗ ಅದಾಳ," ಎಂದ. ಅವನ ಹೆಂಡತಿ ದುರ್ಗಾದೇವಿ ಗಂಡನನ್ನು ಕೇಳದೆ, "ಶ್ರೀಶೈಲಕ್ಕ ಹೋಗ್ಯಾಳ," ಎಂದಳು. ಪಕ್ಕದ ಮನೆಯ ತಾಯಣ್ಣ ನೀಲಿ ಶಾಲಿನ ಮನುಷ್ಯ, ಬುದ್ಧನ ಹಾದಿ ಹಿಡಿದವನು, ಶ್ರೀಶೈಲ ಎನ್ನಲು ಅವನ ನಾಲಿಗೆ ಏಳಲಿಲ್ಲ. "ನಾಗಪುರಕ್ಕ ಹೋಗ್ಯಾಳವ್ವಾ, ದೀಕ್ಷಾಭೂಮಿ ನೋಡಾಕ," ಎಂದ. ವಾಹಿದಾ ಆಪಾ, "ಅರೇ ಬೇಟಿ, ಗುಲ್ಬರ್ಗಾ ದರ್ಗಾಕ್ಕ ಹರಕಿ ಇತ್ತಂತ," ಎಂದಳು.

ಬದುಕಿದ್ದಾಗ ಈ ಕಡೆ ಚೀಕಲಪರ್ವಿ, ಆ ಕಡೆ ದೇವದುರ್ಗ ದಾಟದ ಹೆಂಗಸು ಸತ್ತ ಮೇಲೆ ಮೂರು ಧರ್ಮಗಳ ಯಾತ್ರೆ ಮುಗಿಸಿದಳು. ಒಂದು ಮಂಗಳವಾರವಂತೂ ಆಕೆ ಮೂರು ರಾಜ್ಯಗಳಲ್ಲಿ ಒಂದೇ ಹೊತ್ತಿಗೆ ಕೈ ಮುಗಿದು ನಿಂತಿದ್ದಳು.

"ಅವ್ವಗ ಬಸ್ಸಿನಾಗ ವಾಂತಿ ಆಗ್ತದ," ಎಂದಳು ಸುಜಾತಾ ತಾಯಣ್ಣನಿಗೆ. "ನಾಗಪುರಕ್ಕ ಹೆಂಗ ಹೋದ್ಲು?"

"ರೈಲಿನಾಗ."

"ಯಾರ ಕೂಡ?"

"ಮಂದಿ ಕೂಡ."

"ಯಾವ ಮಂದಿ?"

ತಾಯಣ್ಣನಿಗೆ ಒಮ್ಮೆಲೇ ಬಹಳ ಕೆಲಸ ನೆನಪಾದವು.

ಸುಜಾತಾ ಮರುದಿನ ಹೊಸ ಚೂಡಿದಾರ ಹಾಕಿಕೊಂಡಳು. ಆಧಾರ್ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಕೊರಳಿಗೆ ಹಾಕಿಕೊಂಡಳು. ಮಾನ್ವಿ ಬಸ್ ಹತ್ತಿ ಕಿಟಕಿಯ ಪಕ್ಕ ಕೂತಳು. ಚಂದ್ರನ ಮೇಲೆ ಹೋದವರಿಗೆ ಹಿಂದೆ ನೂರು ಮಂದಿ ಇರುತ್ತಾರೆ. ಸುಜಾತಾಳ ಹಿಂದೆ ಯಾರೂ ಇರಲಿಲ್ಲ.

ಕಂಡಕ್ಟರ್ ಕೇಳಿದ: "ಯಾರ ಜತಿಗೆ ಬಂದೀದಿಯವ್ವಾ?"

"ನನ್ನ ಜತಿಗೆ," ಎಂದಳು.

ಮಾನ್ವಿಯಲ್ಲಿ ಇಳಿದು, ಐದು ಮಂದಿಯನ್ನು ಕೇಳಿ, ಬೇರೆ ಬಸ್ ಹತ್ತಿ ಚೀಕಲಪರ್ವಿ ಮುಟ್ಟಿದಳು. ದೊಡ್ಡವ್ವ ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದವಳು ಈಕೆಯನ್ನು ಕಂಡು ಮೊರ ಬೀಳಿಸಿದಳು.

"ಅವ್ವ ಎಲ್ಲಿ?"

"ಅಯ್ಯ... ನಿನ್ನಿನ ಹೋದ್ಲಲ್ಲಬೇ! ದೇವದುರ್ಗಕ್ಕ."

ಸುಜಾತಾ ಒಳಗೆ ಹೋಗಿ ನಾಲ್ಕೂ ಗೋಡೆ ನೋಡಿದಳು. ಹೊರಗೆ ಬಂದು ಕಟ್ಟೆಯ ಗೋಡೆ ನೋಡಿದಳು. "ದೊಡ್ಡವ್ವಾ, ಗ್ವಾಡಿಗೆ ಕೆಂಪ ಯಾಕಿಲ್ಲ?"

"ನಿನ್ನಿ ಸುಣ್ಣ ಹೊಡದೀವಿ."

ಸುಜಾತಾ ಗೋಡೆಗೆ ಬೆರಳು ತೀಡಿದಳು. ಏಳು ವರ್ಷದ ಧೂಳು ಬಂತು. ಆ ಬೆರಳನ್ನು ದೊಡ್ಡವ್ವನ ಮುಖದ ಮುಂದೆ ಹಿಡಿದಳು. ಪೊಲೀಸರಲ್ಲಿ ಈ ಬುದ್ಧಿ ಇದ್ದಿದ್ದರೆ ಜಿಲ್ಲೆಯಲ್ಲಿ ಒಬ್ಬ ಕಳ್ಳನೂ ಉಳಿಯುತ್ತಿರಲಿಲ್ಲ. ದೊಡ್ಡವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, "ಮೆಣಸಿನಕಾಯಿ ಘಾಟು," ಎಂದಳು.

ಸಂಜೆ ರಾಯಚೂರಿಗೆ ಮರಳಿದಾಗ ಓಣಿಯೆಲ್ಲ ಹೊರಗಿತ್ತು. ಒಬ್ಬಳೇ ಎರಡು ಬಸ್ ಬದಲಿಸಿ ಹೋಗಿ ಬಂದಳಲ್ಲ ಎಂದು ಯಾರೂ ಹಾರ ಹಾಕಲಿಲ್ಲ. "ಏನರ ಆಗಿದ್ರ?" ಎಂದು ಅಮರೇಶ ಕೂಗಾಡಿದ. ಮರುದಿನದಿಂದ ದುರ್ಗಾದೇವಿ ಕೂಲಿಗೆ ಹೋಗುವಾಗ ಹೊರಗಿನಿಂದ ಚಿಲಕ ಹಾಕಿದಳು. ಮೂವತ್ಮೂರು ವರ್ಷದ, ದುಡಿಯುವ ಹೆಂಗಸನ್ನು ಒಳಗೆ ಹಾಕಿ ಚಿಲಕ. ಕೇಳಿದವರಿಗೆಲ್ಲ, "ಆಕಿ ಚಲೋಕ್ಕ," ಎಂದರು.

ಒಳಗೆ ಕೂತು ಏನು ಮಾಡುವುದು? ಸುಜಾತಾ ಮನೆ ಗುಡಿಸಿದಳು. ಪಾತ್ರೆ ತಿಕ್ಕಿದಳು. ಟ್ರಂಕು ತೆಗೆದು ಸೀರೆ ಮಡಚಿದಳು. ದುರ್ಗಾದೇವಿಯ ರೇಷ್ಮೆ ಸೀರೆಯ ಕೆಳಗೆ ಅವ್ವನ ಸಂಚಿ ಸಿಕ್ಕಿತು. ಒಳಗೆ ಒಣಗಿದ ಎರಡು ಎಲೆ, ಅರ್ಧ ಅಡಿಕೆ, ಸುಣ್ಣದ ಡಬ್ಬಿ.

ಸಂಚಿ ಇಲ್ಲದೆ ಅವ್ವ ನಳಕ್ಕೂ ಹೋಗುವವಳಲ್ಲ.

ಸುಜಾತಾ ಸಂಚಿ ಹಿಡಿದು ಕೂತಳು. ಅವ್ವ ಹೊರಟ ಮುಂಜಾನೆ ನೆನಪಾಯಿತು. ತಾನೂ ತೊಟ್ಟಿಲ ಕಾರ್ಯಕ್ಕೆ ಬರುತ್ತೇನೆ ಎಂದಿದ್ದಳು. "ನೀ ಬಂದ್ರ ರೊಟ್ಟಿ ಯಾರು ಬಡೀತಾರ? ಊರೆಲ್ಲಾ ಉಪಾಸ ಬೀಳ್ತದ," ಎಂದು ಅವ್ವ ನಕ್ಕಿದ್ದಳು. ಸುಜಾತಾಗೆ ಸಿಟ್ಟು ಬಂದಿತ್ತು. "ಹೋಗು. ಮತ್ತ ಬರಬ್ಯಾಡ," ಎಂದಿದ್ದಳು.

ಅವ್ವ ಬರಲಿಲ್ಲ. ಸಂಚಿ ಕೂಡ ಬಿಟ್ಟು ಹೋಗಿದ್ದಾಳೆ. ಅಷ್ಟು ಸಿಟ್ಟು. ಅದಕ್ಕೇ ಎಲ್ಲರೂ ಸುಳ್ಳು ಹೇಳುತ್ತಿದ್ದಾರೆ. ನಾನು ಬೇಡ ಎಂದೆ, ಅವ್ವ ಬಿಟ್ಟು ಹೋದಳು.

ಸುಜಾತಾ ಗೋಡೆಯ ಕಡೆ ತಿರುಗಿ ಕೂತಳು. ಅವತ್ತಿನಿಂದ ಈ ಕಡೆ ತಿರುಗಲಿಲ್ಲ.

ಸ್ನಾನ ಬಿಟ್ಟಳು. ಗುಳಿಗೆ ಬಿಟ್ಟಳು. ಉಣಿಸಿದರೆ ಎರಡು ತುತ್ತು ನುಂಗಿ ತುಟಿ ಬಿಗಿಯುತ್ತಿದ್ದಳು. ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಳು. ಮಾತು ನಿಂತಿತು. ರೊಟ್ಟಿ ಕೇಂದ್ರದ ಹಲಗೆಯ ಮೇಲೆ ಬೇರೆಯವರು ನಿಂತರು. ಅವರ ರೊಟ್ಟಿಯಿಂದ ಪೇಪರ್ ಓದುವುದಿರಲಿ, ಬಾಗಿಲಿಗೆ ಅಡ್ಡ ಇಡಬಹುದಿತ್ತು. ವಾಹಿದಾ ಆಪಾ ದಿನಾ ಬಂದು ಆ ಬೆನ್ನಿನ ಹಿಂದೆ ಕೂತು ಹೋಗುತ್ತಿದ್ದಳು. ಉಳಿದ ಓಣಿಗೆ ಉತ್ತರ ಸಿಕ್ಕಿತ್ತು: "ಇಂಥವರು ಹಂಗ."

ಐದು ವಾರ ಕಳೆದ ಮೇಲೆ ಅಮರೇಶ ಆಕೆಯನ್ನು ಆಟೋದಲ್ಲಿ ಕೂರಿಸಿಕೊಂಡು ಊರಿನ ಒಂದು ದೊಡ್ಡ ಆಸ್ಪತ್ರೆಗೆ ಒಯ್ದ. ವಾಹಿದಾ ಆಪಾ ಕೇಂದ್ರಕ್ಕೆ ಬೀಗ ಹಾಕಿ ಜೊತೆಗೆ ಬಂದಳು.

ಹೊರಗೆ ಸಾಲು ಇಲ್ಲಿಂದ ಹೈದರಾಬಾದಿಗೆ ಮುಟ್ಟುವಷ್ಟಿತ್ತು. ಬಾಗಿಲಲ್ಲಿ ಶರಣಯ್ಯ ಎಂಬ ಅಟೆಂಡರ್. ಮೂರು ತಾಸಿನಲ್ಲಿ ಒಳಗಿನಿಂದ "ಶರಣಯ್ಯಾ!" ಎಂಬ ಕೂಗು ನೂರು ಸಲ ಬಂತು. ಕೊನೆಗೆ ಇವರ ಪಾಳಿ. ಸುಜಾತಾಳನ್ನು ಸ್ಟೂಲಿನ ಮೇಲೆ ಕೂರಿಸಿದರು. ಡಾಕ್ಟರು ಆಕೆಯ ಮುಖವನ್ನು ಒಮ್ಮೆ ನೋಡಿದರು. ಆ ಒಂದು ನೋಟದಲ್ಲೇ ಅವರಿಗೆ ಎಲ್ಲ ತಿಳಿದುಹೋಯಿತು, ಅಂಥ ಜ್ಞಾನಿ. ಆಮೇಲೆ ಅಮರೇಶನ ಕಡೆ ತಿರುಗಿದರು.

"ಮಾತಾಡ್ತಾಳೇನು?"

"ಮೊದಲು ಭಾಳ ಮಾತಾಡ್ತಿದ್ಲು ಸರ್. ಈಗ ಇಲ್ಲ."

"ತಾನ ಊಟ ಮಾಡ್ತಾಳೇನು?"

"ಮಾಡ್ತಿದ್ಲು ಸರ್."

"ಬಟ್ಟಿ ತಾನ ಹಾಕ್ಕೋತಾಳೇನು?"

"ಹೂಂ ಸರ್, ಮೊದಲೆಲ್ಲಾ..."

"ಕಚ್ಚೋದು, ಹೊಡಿಯೋದು?"

"ಇಲ್ಲ ಸರ್!"

ಡಾಕ್ಟರು ಬರೆಯತೊಡಗಿದರು. "ನೋಡಪಾ, ಇಂಥವರು ಹಿಂಗ ಇರ್ತಾರ. ಹುಟ್ಟಿನಿಂದ ಬಂದದ್ದು. ಮೂವತ್ತು ದಾಟಿದ ಮ್ಯಾಲೆ ಮಬ್ಬಾಗ್ತಾರ. ಬುದ್ಧಿ ಆರು ವರ್ಷದ ಕೂಸಿಂದು."

ವಾಹಿದಾ ಆಪಾ ತಡೆಯಲಾರದೆ, "ಸಾಹೇಬ್ರ, ಮನಸ್ಸಿಗೆ ಏನರ ಹಚ್ಕೊಂಡಿರಬೇಕು ರೀ," ಎಂದಳು.

"ಹಚ್ಕೊಳ್ಳಾಕ ಅಷ್ಟು ತಿಳುವಳಿಕಿ ಬೇಕಲ್ಲಮ್ಮ? ನಿದ್ದಿ ಗುಳಿಗಿ ಕೊಡ್ತೀನಿ. ಒಂದು ಚೀಟಿ ಬರದೀನಿ, ತಗೊಂಡು ಹೋಗಿ ಆಶ್ರಮದಾಗ ಬಿಡ್ರಿ. ಅಲ್ಲಿ ಇಂಥವರು ಭಾಳ ಮಂದಿ ಅದಾರ. ಕೆಲಸಾ ಪಲಸಾ ಏನೂ ಇರಂಗಿಲ್ಲ, ಸುಮ್ಮನ ಕುಂದ್ರೋದು."

ಅಮರೇಶ ಚೀಟಿಯ ಕಡೆ ಕೈ ಚಾಚಿದ.

ಐದು ವಾರದಿಂದ ಮುಚ್ಚಿದ್ದ ಬಾಯಿ ಆಗ ತೆರೆಯಿತು. ಬಾಯಿ ತೆರೆದ ಸಪ್ಪಳಕ್ಕೆ ಆಸ್ಪತ್ರೆಯ ಪಾರಿವಾಳಗಳು ಹಾರಿದವು. ಸುಜಾತಾ ಡಾಕ್ಟರರ ಕಡೆ ನೋಡಲಿಲ್ಲ. ಬಾಗಿಲ ಕಡೆ ತಿರುಗಿದಳು.

"ಶರಣಯ್ಯಾರೀ, ಇವರು ಮಾತಾಡ್ತಾರೇನ್ರಿ?"

"ಯಾರವ್ವಾ?"

"ಇವರು. ಡಾಕ್ಟರು." ಬೆರಳು ಮಾಡಿ ತೋರಿಸಿದಳು.

ಶರಣಯ್ಯ ತಡವರಿಸಿದ. "ಮಾ... ಮಾತಾಡ್ತಾರವ್ವಾ."

"ತಾವ ಉಣ್ತಾರೇನು, ಯಾರರ ಉಣಿಸಬೇಕೊ?"

ಬಾಗಿಲ ಹೊರಗೆ ಯಾರೋ ಕಿಸಕ್ಕೆಂದರು. "ಡಬ್ಬಿ ತರ್ತಾರವ್ವಾ. ತಾವ ಉಣ್ತಾರ," ಎಂದ ಶರಣಯ್ಯ.

"ಅಂಗಿ ತಾವ ಹಾಕ್ಕೋತಾರೇನು?"

ಎಲ್ಲರೂ ಡಾಕ್ಟರರ ಅಂಗಿ ನೋಡಿದರು. ಗುಂಡಿಗಳು ಒಂದೊಂದು ಮನೆ ತಪ್ಪಿ, ಅಂಗಿಯ ಒಂದು ತುದಿ ಮೇಲೆ, ಒಂದು ತುದಿ ಕೆಳಗೆ ಇತ್ತು.

"ದಿನಾ ಚಂದ ಹಾಕ್ಕೋತಾರವ್ವಾ," ಎಂದ ಶರಣಯ್ಯ. "ಇವತ್ತ ತಪ್ಪ್ಯದ."

"ಕಚ್ಚತಾರೇನು?"

ಶರಣಯ್ಯನದು ಇಪ್ಪತ್ತೆರಡು ವರ್ಷದ ಸರ್ವಿಸ್. ಅವನು ಡಾಕ್ಟರರನ್ನು ನೋಡಿದ. ಸಾಲನ್ನು ನೋಡಿದ. ಇಪ್ಪತ್ತೆರಡು ವರ್ಷಗಳನ್ನೂ ಒಂದು ಸಲ ನೋಡಿದ.

"ಒಮ್ಮೊಮ್ಮಿ," ಎಂದ.

ಸಾಲು ನಕ್ಕಿತು. ಮುರಿದ ಕಾಲಿನವನು ಕಾಲು ಮರೆತು ನಕ್ಕ. ಹೆರಿಗೆ ವಾರ್ಡಿನಲ್ಲಿ ಮೂರು ಕೂಸುಗಳು ಆ ನಗೆಗೇ ಹುಟ್ಟಿದವು. ಡಾಕ್ಟರು ಮೇಜು ಗುದ್ದಿದರು. "ಏಯ್! ಏನಿದು?"

ಸುಜಾತಾ ಈಗ ಅವರ ಕಡೆ ತಿರುಗಿದಳು. "ನನ್ನ ಕೇಳ್ರಿ. ನಾ ಇಲ್ಲೇ ಕುಂತೀನಿ. ನೀವು ಇವನ್ನ ಕೇಳ್ತೀರಿ. ಆಶ್ರಮಕ್ಕ ನಾ ಹೋಗಂಗಿಲ್ಲ. ನನಗ ಕೆಲಸ ಅದ."

"ಆಕಿನ್ನ ಕೇಳ್ರಿ ಸಾಹೇಬ್ರ!" ಎಂದು ಸಾಲಿನೊಳಗಿಂದ ಒಂದು ಮುದುಕಿ ಕೂಗಿತು. "ನಮ್ಮನ್ನೂ ಯಾರೂ ಕೇಳವಲ್ಲರು!"

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. ತೆಗೆದರು. ಮತ್ತೆ ಹಾಕಿದರು. "ಏನಾಗ್ಯದ ನಿನಗ... ನಿಮಗ?"

"ಅವ್ವ ಬಿಟ್ಟು ಹೋಗ್ಯಾಳ," ಎಂದಳು ಸುಜಾತಾ. "ನಾ ಬರಬ್ಯಾಡ ಅಂದೆ. ಆಕಿ ಸಂಚಿ ಕೂಡ ಬಿಟ್ಟು ಹೋದ್ಲು. ಎಲ್ಲಿ ಹೋಗ್ಯಾಳ ಅಂತ ಯಾರೂ ಖರೇ ಹೇಳವಲ್ಲರು. ಚೀಕಲಪರ್ವಿಯಾಗ ಇಲ್ಲ. ಗ್ವಾಡಿ ನೋಡ್ದೆ. ನನಗ ಎದಿ ಭಾರ ಅದ. ಕೈ ಏಳವಲ್ಲವು. ಅದಕ್ಕ ರೊಟ್ಟಿ ಬಡಿಯಾಕತ್ತಿಲ್ಲ."

ಅಮರೇಶ ಗೋಡೆಗೆ ಆನಿಕೊಂಡ. ಎರಡು ಕ್ವಿಂಟಲ್ ಚೀಲ ಎತ್ತುತ್ತಿದ್ದ ಹಳೆಯ ಹಮಾಲ ಅವನು. ಈಗ ಮೂರು ಶಬ್ದ ಎತ್ತಲು ತಿಣುಕಿದ.

"ಸುಜಿ... ಅವ್ವ ಸತ್ತಾಳ."

"ಯಾವಾಗ?"

"ಗಬ್ಬೂರಾಗ. ಹೋದ ಮರುದಿನಾನ. ಎದಿ ನೋವು ಬಂದು."

"ಮಣ್ಣು?"

"ಕೊಟ್ಟೀವಿ."

"ನನ್ನ ಯಾಕ ಕರೀಲಿಲ್ಲ?"

"ನಿನಗ ತಿಳಿಯಂಗಿಲ್ಲ ಅಂತ..."

"ತಿಳೀತು ಈಗ," ಎಂದಳು ಸುಜಾತಾ. ಆಮೇಲೆ ಕೇಳಿದಳು: "ಹಂಗಾದ್ರ ಸಿಟ್ಟಾಗಿ ಹೋಗಿಲ್ಲ?"

"ಇಲ್ಲಕ್ಕಾ!" ಹದಿನೈದು ವರ್ಷದ ಮೇಲೆ ಆ ಶಬ್ದ ಅವನ ಬಾಯಿಯಿಂದ ಹೊರಬಿತ್ತು, ಬಿದ್ದದ್ದು ಅವನಿಗೂ ಗೊತ್ತಾಗಲಿಲ್ಲ. "ಅಲ್ಲಿ ಎಲ್ಲಾರ ಮುಂದ ಹೇಳಿ ನಗತಿದ್ಲಂತ. ನನ್ನ ಮಗಳು ಮತ್ತ ಬರಬ್ಯಾಡ ಅಂದಾಳ, ನಾಳಿಗೇ ಹೋಗ್ತೀನಿ ನೋಡ್ರಿ ಅಂತ. ಸಂಚಿ ನಾವ ಅಲ್ಲಿಂದ ತಂದು ಮುಚ್ಚಿಟ್ಟಿದ್ವಿ."

ಸುಜಾತಾ ಅತ್ತಳು. ಇಲ್ಲಿ ಮಾತ್ರ ಒಂದು ಹನಿಯನ್ನೂ ಹೆಚ್ಚು ಮಾಡಿ ಹೇಳುವಂತಿಲ್ಲ. ಅವ್ವ ಸತ್ತರೆ ಎಲ್ಲರೂ ಎಷ್ಟು ಅಳುತ್ತಾರೋ ಅಷ್ಟೇ ಅತ್ತಳು. ನಲವತ್ತಾರು ಇದ್ದವರು ಅಳುವಷ್ಟೇ.

ಅತ್ತು ಮುಗಿದ ಮೇಲೆ ದುಪಟ್ಟಾದಿಂದ ಮುಖ ಒರೆಸಿಕೊಂಡಳು. ಮೇಜಿನ ಮೇಲಿದ್ದ ಆಶ್ರಮದ ಚೀಟಿಯನ್ನು ಎತ್ತಿಕೊಂಡು, ಹಿಂದೆ ಮುಂದೆ ನೋಡಿ, ನಾಲ್ಕು ಮಡಿಕೆ ಮಾಡಿದಳು.

"ಆಪಾ, ಇದು ರೊಟ್ಟಿ ಕಟ್ಟಾಕ ಬರ್ತದ."

"ಸೋಮವಾರ ಬರ್ರಿ," ಎಂದರು ಡಾಕ್ಟರ್ ಸಣ್ಣ ದನಿಯಲ್ಲಿ. ಈ ಸಲ ಆಕೆಯ ಕಡೆ ನೋಡಿಯೇ ಹೇಳಿದರು. "ದುಃಖಕ್ಕೂ ಔಷಧ ಅದ. ಮಾತಾಡಾಕ ಒಬ್ರು ಮೇಡಮ್ಮೂ ಅದಾರ."

"ಗುಂಡಿ ಹಾಕ್ಕೋರಿ," ಎಂದಳು ಸುಜಾತಾ.

ಮರುದಿನ ಬೆಳಿಗ್ಗೆ ಆಕೆ ಹಲಗೆಯ ಮೇಲೆ ನಿಂತಳು. ಐದು ವಾರ ಹಿಟ್ಟು ಮುಟ್ಟದ ಕೈಗೆ ಅಳತೆ ತಪ್ಪಿತ್ತು. ಮೊದಲ ರೊಟ್ಟಿ ಹರಿಯಿತು. ಎರಡನೆಯದೂ ಹರಿಯಿತು. ವಾಹಿದಾ ಆಪಾ ಕೈ ಹಾಕಲು ಬಂದಳು. ಸುಜಾತಾ ಮೊಣಕೈಯಿಂದ ತಳ್ಳಿದಳು. ಮೂರನೆಯದು ನಿಂತಿತು. ಅದನ್ನು ಡಾಕ್ಟರರ ಚೀಟಿಯಲ್ಲಿ ಸುತ್ತಿ, ಪುಂಡಿ ಪಲ್ಯ ಡಬ್ಬಿಗೆ ಹಾಕಿ, ಅಮರೇಶನ ಮುಂದೆ ನಿಂತಳು. "ನಡಿ."

ಗಬ್ಬೂರಿನಲ್ಲಿ ಕೇರಿಯ ಮಸಣಕ್ಕೆ ದಾರಿ ಇರಲಿಲ್ಲ, ಜಾಲಿ ಮುಳ್ಳಿತ್ತು. ಅಮರೇಶ ಮುಂದೆ ಹೋಗಿ ಮುಳ್ಳು ಸರಿಸಿದ. ಹಿಂದಿನಿಂದ ವಿಚಾರಣೆ ನಡೆಯಿತು.

"ಎಡಿ ಏನಿಟ್ಟಿದ್ರಿ?"

ಮೂರನೆಯ ದಿನ ಸತ್ತವರಿಗೆ ಇಷ್ಟವಾದ ಊಟವನ್ನು ಗೋರಿಯ ಮೇಲೆ ಇಡುತ್ತಾರೆ, ಅದೇ ಎಡೆ. ಕಾಗೆ ಮುಟ್ಟಿದರೆ ಸತ್ತವರಿಗೆ ಸಮಾಧಾನ.

"ಹೋಳಿಗಿ ಇಟ್ಟಿದ್ವಿ. ತುಪ್ಪ ಹಾಕಿ."

"ಅವ್ವಗ ಸಿಹಿ ಸೇರಂಗಿಲ್ಲ. ಕಾಗಿ ಮುಟ್ಟಿತೇನು?"

ಅಮರೇಶ ಮುಳ್ಳಿನಲ್ಲಿ ಸಿಕ್ಕ ಅಂಗಿ ಬಿಡಿಸಿಕೊಳ್ಳುತ್ತ ಹೊತ್ತು ಕಳೆದ. ಕೊನೆಗೆ ಬಾಯಿಬಿಟ್ಟ. ಕಾಗೆಗಳು ಬಂದಿದ್ದವು. ಜಿಲ್ಲೆಯ ಎಲ್ಲ ಕಾಗೆಗಳೂ ಬಂದು ಮರದಲ್ಲಿ ಕೂತಿದ್ದವು. ಒಂದೂ ಇಳಿಯಲಿಲ್ಲ. ಹಿರಿಯರು ಕೈಮುಗಿದು ಒಂದೊಂದೇ ಮಾತು ಕೊಟ್ಟರು. ಮೊಮ್ಮಗನಿಗೆ ನಿನ್ನ ಹೆಸರು ಇಡುತ್ತೇವೆ ಎಂದರು. ಗಂಡಿಗೆ ಸೂಗಮ್ಮ ಎಂದು ಹೇಗೆ ಇಡುವುದು ಎಂದು ಅಲ್ಲೇ ಜಗಳವಾಯಿತು. ಗೋರಿಗೆ ಕಲ್ಲು ಕಟ್ಟಿಸುತ್ತೇವೆ ಎಂದರು. ಮೂರು ತಾಸು ಬಿಸಿಲು. ಕೊನೆಗೆ ಒಂದು ನಾಯಿ ಬಂದು ಎಲೆ ಸಮೇತ ತಿಂದುಹೋಯಿತು. ಎಲ್ಲರೂ ಕಾಗೆ ಮುಟ್ಟಿತು ಎಂದು ಹೇಳಿ ಮನೆಗೆ ಹೋದರು.

"ಯಾರೂ ನನ್ನ ಹೆಸರು ಹೇಳಲಿಲ್ಲ?"

"ಇಲ್ಲಕ್ಕಾ."

ಸುಜಾತಾ ಗೋರಿಯ ಪಕ್ಕ ಕೂತಳು. ಎಲ್ಲರೂ ಹಾಕಿದ್ದರು, ಆಕೆ ಹಾಕಿರಲಿಲ್ಲ. ಒಂದು ಹಿಡಿ ಮಣ್ಣು ಹಾಕಿದಳು. ಚೀಟಿ ಬಿಚ್ಚಿ ರೊಟ್ಟಿ ತೆಗೆದಳು. ಮುರಿದಳು. ಅರ್ಧವನ್ನು ಪಲ್ಯದ ಜೊತೆ ಗೋರಿಯ ಮೇಲೆ ಇಟ್ಟಳು. ಅಮರೇಶ ಮರದ ಕಡೆ ನೋಡಿದ. ಸುಜಾತಾ ಮರದ ಕಡೆ ನೋಡಲಿಲ್ಲ. ಉಳಿದ ಅರ್ಧವನ್ನು ತಾನು ತಿಂದಳು. ಐದು ವಾರದಲ್ಲಿ ಯಾರೂ ಬಾಯಿಗೆ ಇಡದೆ ಆಕೆ ತಿಂದ ಮೊದಲ ತುತ್ತು ಅದು.

ಆಮೇಲೆ ಸಂಚಿ ತೆಗೆದಳು. ಬೆರಳಿನಿಂದ ಮಣ್ಣು ಕೆದರಿ ಒಳಗಿಟ್ಟು ಮುಚ್ಚಿದಳು. "ನಾ ಬರಬ್ಯಾಡ ಅಂತ ಸುಳ್ಳ ಅಂದಿದ್ದೆ ಯವ್ವಾ. ಇಕಾ ಸಂಚಿ. ಈಗ ಹೋಗು."

ಎದ್ದು ಮಣ್ಣು ಕೊಡವಿಕೊಂಡು ತಮ್ಮನಿಗೆ ಹೇಳಿದಳು: "ಮನಿಗೆ ಹೋದಕೂಡ್ಲೇ ಹೊರಗಿನ ಚಿಲಕ ಕೀಳು."

"ಕೀಳ್ತೀನಿ."

ಆ ಕ್ಷಣದಿಂದ ಎಲ್ಲ ಸರಿಹೋಯಿತು ಎನ್ನುವಷ್ಟು ದೊಡ್ಡ ಸುಳ್ಳು ಈ ಕಥೆಯಲ್ಲೂ ಇಲ್ಲ. ಮುಂದೆ ಎಷ್ಟೋ ಸೋಮವಾರ ಆಕೆ ಆಸ್ಪತ್ರೆಗೆ ಹೋಗಬೇಕಾಯಿತು, ಹೊಸ ಗುಳಿಗೆ ನುಂಗಬೇಕಾಯಿತು, ಮೇಡಮ್ಮಿನ ಮುಂದೆ ಸುಮ್ಮನೆ ಕೂತು ಬರಬೇಕಾಯಿತು. ಕೆಲವು ದಿನ ಮತ್ತೆ ಗೋಡೆ ಕರೆಯಿತು. ಅವೆಲ್ಲ ಆಮೇಲಿನವು.

ಅವತ್ತು ಮಧ್ಯಾಹ್ನ ದೇವದುರ್ಗದಿಂದ ಬಂದ ರಾಯಚೂರು ಬಸ್ಸಿಗೆ ಇಬ್ಬರೂ ಹತ್ತಿದರು. ಬಸ್ಸಿನಲ್ಲಿ ಉಸಿರಾಡಲೂ ಪಾಳಿ ಹಚ್ಚಬೇಕು, ಅಷ್ಟು ಜನ. ಸುಜಾತಾ ಕಿಟಕಿಯ ಪಕ್ಕ ಕೂತಳು, ಅಮರೇಶ ಅಂಚಿಗೆ. ಕಂಡಕ್ಟರ್ ಬಂದು ಆಕೆಯ ಮುಖವನ್ನು ಒಮ್ಮೆ ನೋಡಿ, ಅಮರೇಶನ ಕಡೆ ಬಾಗಿ ದನಿ ತಗ್ಗಿಸಿ ಕೇಳಿದ:

"ಈಕೀನ್ನ ಎಲ್ಲಿಗೆ ಕರಕೊಂಡು ಹೊಂಟೀರಿ?"

ಅಮರೇಶ ಬಾಯಿ ತೆರೆದ. ಮುಚ್ಚಿದ. ಕಿಟಕಿಯ ಕಡೆ ಕೈ ಮಾಡಿದ.

"ಅಕ್ಕ ಇಲ್ಲೇ ಕುಂತಾಳಲ್ರೀ. ಆಕೀನ್ನ ಕೇಳ್ರಿ."

ಸುಜಾತಾ ಕೊರಳಿನ ಆಧಾರ್ ಕಾರ್ಡ್ ಎತ್ತಿ ತೋರಿಸಿದಳು. "ರಾಯಚೂರು. ನನಗ ಫ್ರೀ ಅದ. ಇವಗ ಒಂದು ಟಿಕೆಟ್ ಹರೀರಿ." ಆಮೇಲೆ ಕಂಡಕ್ಟರನ ಕಡೆ ಬಾಗಿ, ಅವನಷ್ಟೇ ದನಿ ತಗ್ಗಿಸಿ ಹೇಳಿದಳು: "ಒಬ್ಬನ್ನ ಬಿಟ್ರ ಅಂಜತಾನ. ಅದಕ್ಕ ನಾ ಕರಕೊಂಡು ಹೊಂಟೀನಿ."